ಆಧಾರವಿಲ್ಲದೆ ನಿಲ್ಲುವ ಗ್ರ್ಯಾಫೀನ್ ಪೊರೆ: ತಯಾರಿಸುವ ಕ್ರಮ

ಇಂಗಾಲದ ಪರಮಾಣುಗಳು ಒಂದೇ ಪದರವಾಗಿ ಹೆಣೆದುಕೊಂಡ ಹಾಳೆಯೇ ಗ್ರ್ಯಾಫೀನ್. ತೆಳುವಾದ ಫಲಕವೊಂದರಲ್ಲಿ ರಂಧ್ರ ಕೊರೆದು, ಆ ರಂಧ್ರದ ಬಾಯಿಗೆ ಮೃದಂಗಕ್ಕೆ ಚರ್ಮ ಬಿಗಿದ ಹಾಗೆ ಗ್ರ್ಯಾಫೀನನ್ನು ಹಾಸಿ, ಅದರ ಮೇಲೂ ಕೆಳಗೂ ಬರಿಯ ಗಾಳಿಯೇ ಇರುವಂತೆ ನಿಲ್ಲಿಸಿದರೆ ಅದು ಆಧಾರರಹಿತ ಗ್ರ್ಯಾಫೀನ್ ಪೊರೆ. ಇದರ ದಪ್ಪ ಒಂದೇ ಪರಮಾಣುವಿನದು, ಸುಮಾರು 0.335 ನ್ಯಾನೋಮೀಟರ್. ಒಂದು ಚದರ ಸೆಂಟಿಮೀಟರ್ ಪೊರೆಯ ತೂಕ ಸುಮಾರು 77 ನ್ಯಾನೋಗ್ರಾಂ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾದರಿಗಳನ್ನು ಇರಿಸುವ ಹಾಸಾಗಿ, ಒತ್ತಡ ಅಳೆಯುವ ಸಂವೇದಕದ ತೊಗಲಾಗಿ, ಕ್ಷ-ಕಿರಣ ಪತ್ತೆ ಮಾಡುವ ಉಪಕರಣದ ಕಿಟಕಿಯಾಗಿ ಇದು ಬೇಕಾಗುತ್ತದೆ. ಎರಡು ಮೈಕ್ರೋಮೀಟರ್ ಅಗಲದ ರಂಧ್ರವನ್ನು ಮುಚ್ಚುವುದು ಈಗ ಕಷ್ಟದ ಕೆಲಸವಲ್ಲ. ಐವತ್ತು, ನೂರು ಮೈಕ್ರೋಮೀಟರ್‌ಗೆ ಬಂದಾಗಲೇ ಇದರ ನಿಜವಾದ ಸ್ವಭಾವ ಕಾಣುತ್ತದೆ. ಒಂದೇ ಪದರದ ಪೊರೆ ಅರ್ಧ ಮಿಲಿಮೀಟರ್ ಅಂತರವನ್ನು ದಾಟಿ ನಿಂತ ವರದಿ 2014ರಲ್ಲಿ ಪ್ರಕಟವಾಯಿತು. ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ ಎಂ.ಎಸ್ಸಿ. ಯೋಜನೆಗೆ ಅಥವಾ ಪಿಎಚ್.ಡಿ.ಯ ಮೊದಲ ವರ್ಷದಲ್ಲಿ ಈ ಕೆಲಸಕ್ಕೆ ಕೈಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ನೂರು ಮೈಕ್ರೋಮೀಟರ್ ಪೊರೆಯನ್ನು ಗುರಿಯಾಗಿಟ್ಟು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಕೆಲಸಕ್ಕಿಳಿಯುವ ಮುನ್ನ ಒಂದು ಲೆಕ್ಕವನ್ನು ನೋಡಬೇಕು. 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ರಂಧ್ರಗಳ ಮೇಲೆ ನಿಂತ ಗ್ರ್ಯಾಫೀನನ್ನು ಸೂಜಿಮೊನೆಯಿಂದ ಒತ್ತಿ, ಅದು ಹರಿಯಲು ಪ್ರತಿ ಮೀಟರ್ ಅಗಲಕ್ಕೆ ಸುಮಾರು 42 ನ್ಯೂಟನ್ ಬಲ ಬೇಕೆಂದು ಅಳೆದರು. ನೀರಿನ ಮೇಲ್ಮೈ ಎಳೆತ ಪ್ರತಿ ಮೀಟರ್‌ಗೆ 0.072 ನ್ಯೂಟನ್ ಮಾತ್ರ. ಎಂದರೆ ಕುಂದಿಲ್ಲದ ಗ್ರ್ಯಾಫೀನಿನ ಬಲ ನೀರಿನ ಎಳೆತದ ಸುಮಾರು 580 ಪಟ್ಟು. ಆದರೂ ನಮ್ಮ ಪೊರೆಗಳಲ್ಲಿ ಹೆಚ್ಚಿನವು ಹರಿದದ್ದು ನೀರು ಒಣಗುವ ಕೊನೆಯ ಕೆಲವು ನಿಮಿಷಗಳಲ್ಲಿ. ನಾವು ಬೆಳೆಸುವ ಗ್ರ್ಯಾಫೀನಿನಲ್ಲಿ ಹರಳುಗಳ ನಡುವಣ ಬೆಸುಗೆಗಳಿರುತ್ತವೆ, ಸುಕ್ಕುಗಳಿರುತ್ತವೆ, ಚಿಮುಟ ತಾಗಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ನೀರು ಹಿಂದೆ ಸರಿಯುವಾಗ ಅದರ ಪದರ ತೆಳುವಾದಷ್ಟೂ ಸೆಳೆತ ಚುರುಕಾಗುತ್ತದೆ. ಹಳೆಯ ಸೀರೆ ಮಡಿಕೆಯ ಜಾಗದಲ್ಲೇ ಹರಿಯುವಂತೆ ಪೊರೆಯೂ ಇಂಥ ಕುಂದಿನಲ್ಲೇ ಬಾಯಿ ಬಿಡುತ್ತದೆ. ಆದುದರಿಂದ ಮುಂದೆ ಬರುವ ಪ್ರತಿ ಹಂತದಲ್ಲೂ ನೋಡಬೇಕಾದದ್ದು ಎರಡೇ: ಕುಂದನ್ನು ಹುಟ್ಟಿಸದಿರುವುದು, ನೀರಿಗೆ ಎಳೆಯಲು ಅವಕಾಶ ಕೊಡದಿರುವುದು.

ತಾಮ್ರದ ಹಾಳೆ

ಗ್ರ್ಯಾಫೀನನ್ನು ತಾಮ್ರದ ಹಾಳೆಯ ಮೇಲೆ ಬೆಳೆಸುವ ವಿಧಾನವನ್ನು 2009ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ತಂಡ ಪ್ರಕಟಿಸಿತು. ಇಂದಿಗೂ ದೊಡ್ಡ ಪೊರೆಗಳಿಗೆ ಇದೇ ದಾರಿ. ಇಂಗಾಲ ತಾಮ್ರದೊಳಗೆ ಬಹಳ ಕಡಿಮೆ ಕರಗುವುದರಿಂದ ಬೆಳವಣಿಗೆ ಮೇಲ್ಮೈಯಲ್ಲೇ ನಡೆಯುತ್ತದೆ ಮತ್ತು ಒಂದು ಪದರ ತಾಮ್ರವನ್ನು ಮುಚ್ಚುತ್ತಿದ್ದಂತೆ ಬಹುಮಟ್ಟಿಗೆ ತಾನಾಗಿಯೇ ನಿಲ್ಲುತ್ತದೆ.

ಇಪ್ಪತ್ತೈದು ಮೈಕ್ರೋಮೀಟರ್ ದಪ್ಪದ, ಶೇಕಡಾ 99.8 ಅಥವಾ ಅದಕ್ಕಿಂತ ಹೆಚ್ಚು ಶುದ್ಧತೆಯ ಹಾಳೆಯನ್ನು ತೆಗೆದುಕೊಂಡು, ಎರಡು ಸೆಂಟಿಮೀಟರ್‌ಗೆ ಮೂರು ಸೆಂಟಿಮೀಟರ್ ಅಳತೆಯಲ್ಲಿ ಕತ್ತರಿಸಿ. ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿಟ್ಟರೆ ಯಾವುದು ಮೇಲ್ಮುಖ ಎಂಬುದು ಕೊನೆಯವರೆಗೂ ತಪ್ಪುವುದಿಲ್ಲ. ಈ ಹಾಳೆ ಎಷ್ಟು ಮೆದುವೆಂದರೆ ಬೆರಳಿನಿಂದ ಎತ್ತಿದರೂ ಮಡಿಕೆ ಬೀಳುತ್ತದೆ, ಆ ಮಡಿಕೆ ಮುಂದೆ ಗ್ರ್ಯಾಫೀನಿನ ಸುಕ್ಕಾಗುತ್ತದೆ. ಎಳೆ ಬಿಡದ ಕಾಗದದ ನಡುವೆ ಅದನ್ನು ಇಟ್ಟು, ಗಾಜಿನ ಫಲಕದ ಮೇಲೆ ಗಾಜಿನ ಕೋಲನ್ನು ಲಟ್ಟಣಿಗೆಯಂತೆ ಹಗುರವಾಗಿ ಉರುಳಿಸಿ ಸಪಾಟಾಗಿಸಿ. ಬಳಿಕ ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್‌ಗಳಲ್ಲಿ ತೊಳೆದು, ತಾಮ್ರದ ಆಕ್ಸೈಡ್ ಹೋಗಲೆಂದು ಅಸಿಟಿಕ್ ಆಮ್ಲದಲ್ಲಿ ಹತ್ತು ನಿಮಿಷ ಇರಿಸಿ, ಡಿಐ ನೀರಿನಲ್ಲಿ (ಕರಗಿದ ಲವಣಗಳನ್ನು ತೆಗೆದ ಶುದ್ಧ ನೀರು) ತೊಳೆದು ನೈಟ್ರೋಜನ್ ಬೀಸಿ ಒಣಗಿಸಿ.

ಬೆಳೆಸುವುದು

ಕ್ವಾರ್ಟ್ಸ್ ಕೊಳವೆಯ ಫರ್ನೇಸ್ ನಿಮ್ಮಲ್ಲಿ ಇಲ್ಲದಿದ್ದರೆ ತಾಮ್ರದ ಮೇಲೆ ಬೆಳೆಸಿದ ಗ್ರ್ಯಾಫೀನನ್ನು ಕೊಂಡು ಮುಂದಿನ ಹಂತಕ್ಕೆ ಹೋಗಬಹುದು. ಅದರಿಂದ ಕೆಲಸದ ಬೆಲೆಯೇನೂ ತಗ್ಗುವುದಿಲ್ಲ. ಫರ್ನೇಸ್ ಇರುವವರು ಹಾಳೆಯನ್ನು ಕೊಳವೆಯ ನಡುವಿಗೆ ಸೇರಿಸಿ, ಪಂಪ್‌ನಿಂದ ಗಾಳಿ ತೆಗೆದು, ಹೈಡ್ರೋಜನ್ ಹರಿಸುತ್ತ 1000 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಅರ್ಧ ಗಂಟೆ ಹಾಗೆಯೇ ಬಿಡಬೇಕು. ಈ ಹೊತ್ತಿನಲ್ಲಿ ತಾಮ್ರದ ಹರಳುಗಳು ದೊಡ್ಡದಾಗುತ್ತವೆ, ಉಳಿದ ಆಕ್ಸೈಡ್ ಹೋಗುತ್ತದೆ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ. ಉಷ್ಣತೆ ತೋರಿಸುವ ಥರ್ಮೊಕಪಲ್ ಸರಿಯಿಲ್ಲದಿದ್ದರೆ ಹಾಳೆ ಕ್ವಾರ್ಟ್ಸ್‌ಗೆ ಅಂಟಿಕೊಂಡೀತೆಂಬ ಎಚ್ಚರವಿರಲಿ. ಆಮೇಲೆ ಮೀಥೇನ್ ಬಿಡಬೇಕು. ಆಸ್ಟಿನ್ ತಂಡ ಬಳಸಿದ್ದು ನಿಮಿಷಕ್ಕೆ 35 ಘನ ಸೆಂಟಿಮೀಟರ್ ಮೀಥೇನ್, 2 ಘನ ಸೆಂಟಿಮೀಟರ್ ಹೈಡ್ರೋಜನ್, ಒಟ್ಟು ಒತ್ತಡ ಅರ್ಧ ಟಾರ್. ಇದರಿಂದ ಆರಂಭಿಸಿ, ಇಪ್ಪತ್ತು ಮೂವತ್ತು ನಿಮಿಷ ಬೆಳೆಸಿ, ಅನಿಲಗಳು ಹರಿಯುತ್ತಿರುವಾಗಲೇ ತಣ್ಣಗಾಗಲು ಬಿಡಿ. ದೊಡ್ಡ ಪೊರೆ ಬೇಕಾದವರು ಬೆಳವಣಿಗೆಯನ್ನು ಬೇಗ ನಿಲ್ಲಿಸಬಾರದು: ಮುಚ್ಚದೆ ಉಳಿದ ಒಂದು ಸಣ್ಣ ಖಾಲಿ ಜಾಗವೂ ಸೀಳು ಹೊರಡುವ ಬಾಗಿಲು.

ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ, ಮೀಥೇನ್ ಶೇಕಡಾ 5ರಿಂದ 15ರವರೆಗೆ ಬೆರೆತಾಗ ಹೊತ್ತಿಕೊಳ್ಳಬಲ್ಲದು. ಸೋರಿಕೆ ಪತ್ತೆ ಮಾಡುವ ಸಾಧನವಿಲ್ಲದ ಕೋಣೆಯಲ್ಲಿ ಈ ಕೆಲಸವನ್ನು ಮಾಡಲೇಬೇಡಿ. ನಾನು ಕೆಲಸ ಮಾಡುತ್ತಿದ್ದ ಒಂದು ಪ್ರಯೋಗಾಲಯದಲ್ಲಿ ಜುಲೈ ತಿಂಗಳ ಮಳೆಯ ಸಂಜೆ ಕರೆಂಟ್ ಹೋಯಿತು. ಪಂಪ್ ನಿಂತಿತು, ಕವಾಟವನ್ನು ಯಾರೂ ಮುಚ್ಚಲಿಲ್ಲ, ಪಂಪ್‌ನ ಎಣ್ಣೆಯ ಆವಿ ಬಿಸಿ ಕೊಳವೆಯೊಳಕ್ಕೆ ಹಿಂದಿರುಗಿತು. ಮರುದಿನ ನೋಡಿದಾಗ ಕ್ವಾರ್ಟ್ಸ್‌ನ ಒಳಗೋಡೆಯೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಸುಟ್ಟು ಶುದ್ಧಗೊಳಿಸಲು ವಾರವೇ ಹಿಡಿಯಿತು. ವಿದ್ಯುತ್ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ಕವಾಟಗಳನ್ನು ಅನಿಲಕ್ಕೂ ಪಂಪ್‌ಗೂ ಅಳವಡಿಸಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಕೆಲಸ ಮಾಡುವವರಿಗೆ ಇದು ಫರ್ನೇಸ್‌ನಷ್ಟೇ ಅಗತ್ಯ.

ಬೆಳೆದದ್ದನ್ನು ಪರೀಕ್ಷಿಸಲು ಸುಲಭದ ಉಪಾಯವೊಂದಿದೆ. ಹಾಳೆಯ ಅಂಚಿನಿಂದ ಒಂದು ಚೂರು ಕತ್ತರಿಸಿ, ಹಾಟ್ ಪ್ಲೇಟಿನ ಮೇಲೆ ಸುಮಾರು 180 ಡಿಗ್ರಿಯಲ್ಲಿ ಕೆಲವು ನಿಮಿಷ ಇಡಿ. ಗ್ರ್ಯಾಫೀನ್ ಮುಚ್ಚಿದಲ್ಲಿ ತಾಮ್ರ ಹೊಳೆಯುತ್ತಲೇ ಇರುತ್ತದೆ, ಮುಚ್ಚದಲ್ಲಿ ಕೆಂಪಾಗಿ ಕಪ್ಪಿಡುತ್ತದೆ. ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಈ ಕಲೆಗಳು ಕಾಣುತ್ತವೆ.

ಕಿಟಕಿಯ ಚಿಪ್

ಪೊರೆ ನಿಲ್ಲಬೇಕಾದ ಚೌಕಟ್ಟನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. ನೀರಿನಲ್ಲಿ ಗ್ರ್ಯಾಫೀನ್ ತೇಲುತ್ತಿರುವಾಗ ಚಿಪ್ ಹುಡುಕುವಂತಾಗಬಾರದು. ಎರಡೂ ಮುಖಗಳಲ್ಲಿ ಕಡಿಮೆ ಬಿಗಿತದ ಸಿಲಿಕಾನ್ ನೈಟ್ರೈಡ್ ಹೊದಿಸಿದ ಸಿಲಿಕಾನ್ ಬಿಲ್ಲೆ ಇದಕ್ಕೆ ಒಳ್ಳೆಯದು. ಹಿಂಬದಿಯ ನೈಟ್ರೈಡಿನಲ್ಲಿ ಚೌಕ ತೆರೆದು, 80 ಡಿಗ್ರಿಯ ಶೇಕಡಾ 30 ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮುಳುಗಿಸಿದರೆ, ಸಿಲಿಕಾನ್ 54.7 ಡಿಗ್ರಿ ಓರೆಯ ಗೋಡೆಗಳನ್ನು ಬಿಟ್ಟುಕೊಂಡು ಕರಗುತ್ತ ಹೋಗಿ ಮೇಲ್ಮುಖದ ನೈಟ್ರೈಡಿನ ಬಳಿ ನಿಲ್ಲುತ್ತದೆ. ಗೋಡೆ ಓರೆಯಾಗಿರುವುದರಿಂದ ಹಿಂಬದಿಯ ಚೌಕ ದೊಡ್ಡದಿರಬೇಕು: ಬೇಕಾದ ಕಿಟಕಿಯ ಅಗಲಕ್ಕೆ ಬಿಲ್ಲೆಯ ದಪ್ಪದ 1.41 ಪಟ್ಟನ್ನು ಕೂಡಿಸಿ. 525 ಮೈಕ್ರೋಮೀಟರ್ ದಪ್ಪದ ಬಿಲ್ಲೆಯಲ್ಲಿ 200 ಮೈಕ್ರೋಮೀಟರ್ ಕಿಟಕಿ ಬೇಕಾದರೆ ಹಿಂಬದಿಯಲ್ಲಿ ಸುಮಾರು 940 ಮೈಕ್ರೋಮೀಟರ್ ತೆರೆಯಬೇಕಾಗುತ್ತದೆ. ಆ ಕಿಟಕಿಯ ನಡುವೆ ಪ್ಲಾಸ್ಮಾದಿಂದ (ವಿದ್ಯುತ್ತಿನಿಂದ ಅಯಾನೀಕರಿಸಿದ ಅನಿಲದಿಂದ) ನೂರು ಮೈಕ್ರೋಮೀಟರ್‌ನ ದುಂಡನೆಯ ರಂಧ್ರ ಕೊರೆಯಬೇಕು. ಚೌಕದ ಮೂಲೆಗಳಲ್ಲಿ ಎಳೆತ ಒಂದೆಡೆ ಕೂಡುವುದರಿಂದ ದುಂಡು ರಂಧ್ರವೇ ಲೇಸು. ಅದರ ಅಂಚು ನುಣುಪಾಗಿರುವುದು ಅದರ ಅಳತೆಗಿಂತ ಮುಖ್ಯ.

ಈ ಸೌಲಭ್ಯಗಳು ಇಲ್ಲಿ ಎಲ್ಲ ಕಾಲೇಜುಗಳಲ್ಲೂ ಇರಲು ಸಾಧ್ಯವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರ ಹೊರಗಿನ ಸಂಸ್ಥೆಗಳ ಸಂಶೋಧಕರಿಗೂ ತನ್ನ ಉಪಕರಣಗಳನ್ನು ಬಳಸಲು ಅವಕಾಶ ಕೊಡುತ್ತ ಬಂದಿದೆ. ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಎಂಬ ಕಾರ್ಯಕ್ರಮದಡಿ ಪ್ರಸ್ತಾವನೆ ಕಳುಹಿಸಿ ಚಿಪ್‌ಗಳನ್ನು ಅಲ್ಲಿ ಮಾಡಿಸಿಕೊಂಡು ಬರಬಹುದು. ಒಂದೇ ಬಿಲ್ಲೆಯಲ್ಲಿ 2, 10, 30, 50, 100 ಮೈಕ್ರೋಮೀಟರ್ ರಂಧ್ರಗಳೆಲ್ಲ ಇರುವಂತೆ ವಿನ್ಯಾಸ ಮಾಡಿಸಿ. ಎಷ್ಟು ದೊಡ್ಡ ರಂಧ್ರದವರೆಗೆ ನಿಮ್ಮ ಕೈ ಹದಕ್ಕೆ ಬಂದಿದೆ ಎಂಬುದನ್ನು ಅದೇ ಹೇಳುತ್ತದೆ.

ತಾಮ್ರವನ್ನು ಕರಗಿಸುವುದು

ಗ್ರ್ಯಾಫೀನಿನ ಮೇಲೆ ಪಿಎಂಎಂಎ ಪ್ಲಾಸ್ಟಿಕ್ಕಿನ ತೆಳುಪದರ ಹೊದಿಸಿದರೆ ಅದು ನೀರಿನ ಮೇಲೆ ಚದುರದೆ ಒಟ್ಟಾಗಿ ನಿಲ್ಲುತ್ತದೆ. ಅನಿಸೋಲ್ ಎಂಬ ದ್ರಾವಕದಲ್ಲಿ ಶೇಕಡಾ 4ರಷ್ಟು ಕರಗಿಸಿದ ಪಿಎಂಎಂಎಯನ್ನು ಸ್ಪಿನ್ ಕೋಟರಿನಲ್ಲಿ ನಿಮಿಷಕ್ಕೆ 3000 ಸುತ್ತುಗಳಂತೆ ಹರಡಿದರೆ ಸುಮಾರು 200 ನ್ಯಾನೋಮೀಟರ್ ಪದರ ಸಿಗುತ್ತದೆ. ದೊಡ್ಡ ರಂಧ್ರಕ್ಕೆ ಇನ್ನೊಂದು ಸುತ್ತು ಹೊದಿಸಿ ದಪ್ಪವಾಗಿಸುವುದು ನನಗೆ ಒಳ್ಳೆಯದಾಗಿ ಕಂಡಿದೆ. ರಾತ್ರಿಯಿಡೀ ಕೋಣೆಯ ಉಷ್ಣತೆಯಲ್ಲೇ ಒಣಗಲು ಬಿಡಿ. ಹಾಳೆಯ ಹಿಂಬದಿಯಲ್ಲೂ ಗ್ರ್ಯಾಫೀನ್ ಬೆಳೆದಿರುತ್ತದೆ. ಅದನ್ನು ಆಮ್ಲಜನಕದ ಪ್ಲಾಸ್ಮಾದಿಂದ ತೆಗೆಯದಿದ್ದರೆ ತಾಮ್ರ ಕರಗಿದ ಮೇಲೆ ಅದು ಚಿಂದಿಚಿಂದಿಯಾಗಿ ಬಂದು ನಿಮ್ಮ ಪೊರೆಗೆ ಅಂಟುತ್ತದೆ.

ಬಳಿಕ ಹಾಳೆಯಿಂದ ಒಂದು ಚದರ ಸೆಂಟಿಮೀಟರಿನ ತುಂಡು ಕತ್ತರಿಸಿ, ತಾಮ್ರ ಕೆಳಮುಖವಾಗಿ, 0.1 ಮೋಲಾರ್ ಅಮೋನಿಯಂ ಪರ್‌ಸಲ್ಫೇಟ್ ದ್ರಾವಣದ ಮೇಲೆ ತೇಲಿಬಿಡಿ. ನೂರು ಮಿಲಿಲೀಟರ್ ನೀರಿಗೆ 2.28 ಗ್ರಾಂ ಹಾಕಿದರೆ ಈ ಸಾಂದ್ರತೆ ಬರುತ್ತದೆ. ಒಂದು ಚದರ ಸೆಂಟಿಮೀಟರ್ ಹಾಳೆಯಲ್ಲಿ ಇರುವುದು ಸುಮಾರು 22 ಮಿಲಿಗ್ರಾಂ ತಾಮ್ರ, ಅಷ್ಟನ್ನು ಕರಗಿಸಲು ಈ ದ್ರಾವಣದ ಇಪ್ಪತ್ತನೆಯ ಒಂದು ಪಾಲೂ ಬೇಕಾಗುವುದಿಲ್ಲ. ಆದ್ದರಿಂದ ಬೇಗ ಆಗಲೆಂದು ದ್ರಾವಣವನ್ನು ಗಟ್ಟಿ ಮಾಡಬೇಡಿ: ಗಟ್ಟಿಯಾದರೆ ಗುಳ್ಳೆಗಳು ಏಳುತ್ತವೆ, ಒಂದೊಂದು ಗುಳ್ಳೆಯೂ ಕೆಳಗಿನಿಂದ ಪೊರೆಯನ್ನು ಉಬ್ಬಿಸುತ್ತದೆ. ಫೆರಿಕ್ ಕ್ಲೋರೈಡ್ ಕೂಡ ತಾಮ್ರವನ್ನು ಕರಗಿಸುತ್ತದೆ, ಆದರೆ ಕಬ್ಬಿಣದ ಕಣಗಳನ್ನು ಉಳಿಸಿಹೋಗುವುದರಿಂದ ನಾನು ಅದನ್ನು ಬಿಟ್ಟಿದ್ದೇನೆ. ಸಂಜೆ ತೇಲಿಬಿಟ್ಟರೆ ಬೆಳಗ್ಗೆ ದ್ರಾವಣ ತಿಳಿನೀಲಿಯಾಗಿರುತ್ತದೆ, ಮೇಲೆ ಬಣ್ಣವಿಲ್ಲದ ಪದರವೊಂದು ಓರೆ ಬೆಳಕಿನಲ್ಲಿ ಮಾತ್ರ ಮಿನುಗುತ್ತಿರುತ್ತದೆ. ಆ ನೀಲಿ ದ್ರಾವಣವನ್ನು ಸಿಂಕಿಗೆ ಸುರಿಯದೆ ಲೋಹದ ತ್ಯಾಜ್ಯದ ಬಾಟಲಿಗೆ ಹಾಕಿ.

ತೊಳೆಯಲು ಡಿಐ ನೀರು ತುಂಬಿದ ನಾಲ್ಕು ಪೆಟ್ರಿ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಚೊಕ್ಕವಾದ ಸಿಲಿಕಾನ್ ತುಂಡಿನಿಂದ ಪದರವನ್ನು ಎತ್ತಿ ಒಂದರಿಂದ ಇನ್ನೊಂದಕ್ಕೆ ಬಿಡುತ್ತ, ಪ್ರತಿ ತಟ್ಟೆಯಲ್ಲೂ ಹದಿನೈದು ನಿಮಿಷ ತೇಲಿಸಿ. ನಲ್ಲಿಯ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿರುವ ಲವಣ ಒಣಗಿದ ಮೇಲೆ ಪೊರೆಯ ಮೇಲೆ ಹರಳಾಗಿ ಕೂರುತ್ತದೆ.

ಎತ್ತುವುದು ಮತ್ತು ಒಣಗಿಸುವುದು

ಕುಕ್ಕರಹಳ್ಳಿ ಕೆರೆಯ ಅಂಚಿನಲ್ಲಿ ಬೆಳಗ್ಗೆ ನಿಂತು ನೋಡಿದವರಿಗೆ ನೀರಿನ ಮೇಲೆ ಉದ್ದ ಕಾಲಿನ ಹುಳುಗಳು ಓಡಾಡುವುದು ಗೊತ್ತು. ಕಾಲು ಊರಿದ ಕಡೆ ನೀರಿನ ಮೈ ಬಟ್ಟಲಿನಂತೆ ತಗ್ಗುತ್ತದೆ, ಆದರೆ ಹರಿಯುವುದಿಲ್ಲ. ಹುಳುವನ್ನು ಹೊರುವ ಆ ಎಳೆತವೇ ತಟ್ಟೆಯಲ್ಲಿ ನಮ್ಮ ಪದರವನ್ನು ಸುಕ್ಕಿಲ್ಲದೆ ಹರಡಿ ಹಿಡಿದಿರುತ್ತದೆ. ನೀರಿನ ಮೇಲೆ ಇರುವಷ್ಟು ಹೊತ್ತು ಅದು ನಮ್ಮ ಸಹಾಯಕ್ಕಿರುತ್ತದೆ, ನೀರು ಬಿಡುವ ಗಳಿಗೆಯಲ್ಲಿ ತಿರುಗಿಬೀಳುತ್ತದೆ.

ಎತ್ತುವ ಮುನ್ನ ಚಿಪ್ಪಿನ ಮೇಲ್ಮುಖವನ್ನು ಆಮ್ಲಜನಕದ ಪ್ಲಾಸ್ಮಾಕ್ಕೆ ಒಂದರ್ಧ ನಿಮಿಷ ಒಡ್ಡಿದರೆ ನೀರು ಹನಿಹನಿಯಾಗಿ ನಿಲ್ಲದೆ ಸಮವಾಗಿ ಹರಡಿ ಇಳಿಯುತ್ತದೆ. ಚಿಪ್ಪನ್ನು ಚಿಮುಟದಲ್ಲಿ ಹಿಡಿದು ನೀರಿನೊಳಗೆ ಓರೆಯಾಗಿ ಇಳಿಸಿ, ತೇಲುವ ಪದರದ ಒಂದು ಅಂಚು ಚಿಪ್ಪಿನ ಅಂಚಿಗೆ ತಾಗುವಂತೆ ಮಾಡಿ, ಆ ಅಂಚು ಹಿಡಿದುಕೊಂಡ ಮೇಲೆ ನಲವತ್ತು ಡಿಗ್ರಿ ಓರೆಯಲ್ಲೇ ನಿಧಾನವಾಗಿ ಮೇಲೆತ್ತಿ. ಹಾಲಿನ ಕೆನೆಯನ್ನು ಚಮಚದಿಂದ ಎತ್ತುವಾಗ ಅದು ಮಡಿಚಿಕೊಂಡು ಬಂದರೂ ನಡೆಯುತ್ತದೆ. ಇಲ್ಲಿ ಒಂದು ಮಡಿಕೆ ಬಿದ್ದರೂ ಮತ್ತೆ ನೀರಿಗೆ ಬಿಟ್ಟು ಆರಂಭಿಸಬೇಕು. ಮಂಡ್ಯದ ಕಡೆಯ ಆಲೆಮನೆಯ ಕುಟುಂಬದಿಂದ ಬಂದ ವಿದ್ಯಾರ್ಥಿನಿಯೊಬ್ಬರು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಇದನ್ನು ಮಾಡುತ್ತಿದ್ದರು. ಹೇಗೆಂದು ಕೇಳಿದಾಗ, "ನೀರು ತಾನೇ ಇಳ್ಕೊಂಡು ಹೋಗೋ ತನಕ ಕಾಯ್ತೀನಿ ಸರ್, ನಾನು ಎಳೆಯೋದಿಲ್ಲ" ಎಂದರು. ನಾನು ನೋಡುತ್ತಿದ್ದಂತೆ ಅವರ ಚಿಪ್ ನೀರಿನಿಂದ ಪೂರ್ತಿ ಹೊರಬರಲು ಎರಡು ನಿಮಿಷದ ಮೇಲೆ ಹಿಡಿಯಿತು. ಪದರದ ಹಿಂದೆ ನೀರಿನ ಗೆರೆ ಮಸುಕಾದ ದಾರದಂತೆ ಸರಿಯುತ್ತ, ರಂಧ್ರದ ಬಳಿ ಬಂದಾಗ ಒಂದು ಕ್ಷಣ ತಡೆದು, ಅದನ್ನು ಬಳಸಿಕೊಂಡು ಮುಂದೆ ಹೋಯಿತು.

ಎತ್ತಿದ ಚಿಪ್ಪನ್ನು ಮಲಗಿಸಬೇಡಿ. ಲಂಬವಾಗಿ ನಿಲ್ಲಿಸಿ, ಕೆಳಗಿನ ಮೂಲೆಗೆ ಸೋಸುಕಾಗದದ ತುದಿಯನ್ನು ಮುಟ್ಟಿಸಿ ನೀರನ್ನು ಹೀರಿಸಿ. ಹಿಂಬದಿಯ ಗುಳಿಯಲ್ಲಿ ನಿಂತ ನೀರೂ ಅದೇ ಬಗೆಯಲ್ಲಿ ಹೋಗಲಿ. ಎರಡು ಮೂರು ಗಂಟೆ ಹಾಗೆಯೇ ಬಿಟ್ಟ ಮೇಲೆ ಹಾಟ್ ಪ್ಲೇಟಿನಲ್ಲಿ ಮೆಲ್ಲಗೆ 150 ಡಿಗ್ರಿಗೆ ಏರಿಸಿ ಕಾಲು ಗಂಟೆ ಇರಿಸಿ. ಪಿಎಂಎಂಎ ಸುಮಾರು 105 ಡಿಗ್ರಿಯ ಮೇಲೆ ಮೆದುವಾಗುವುದರಿಂದ ಪದರ ರಂಧ್ರದ ಸುತ್ತಲ ನೈಟ್ರೈಡಿಗೆ ಬಿಡದೆ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೋಣೆಯ ತೇವ ಹೆಚ್ಚಿದ್ದರೆ ಈ ಗಂಟೆಗಳನ್ನು ಎರಡರಷ್ಟು ಮಾಡಿ. ನೀರು ಉಳಿದಿರುವಾಗಲೇ ಬಿಸಿ ಮಾಡಿದರೆ ಅಡಿಯಲ್ಲಿ ಎದ್ದ ಆವಿ ಪದರವನ್ನು ಒಡೆಯುತ್ತದೆ.

ಈಗ ಉಳಿದದ್ದು ಪಿಎಂಎಂಎಯನ್ನು ತೆಗೆಯುವುದು. ಸಾಮಾನ್ಯವಾಗಿ ಎಲ್ಲರೂ ಚಿಪ್ಪನ್ನು ಅಸಿಟೋನಿನಲ್ಲಿ ಮುಳುಗಿಸುತ್ತಾರೆ. ಸಿಲಿಕಾನಿನ ಮೇಲೆ ಅಂಟಿ ಕುಳಿತ ಗ್ರ್ಯಾಫೀನಿಗೆ ಅದು ಸರಿ, ನೂರು ಮೈಕ್ರೋಮೀಟರಿನ ಪೊರೆಗೆ ಸರಿಯಲ್ಲ, ಏಕೆಂದರೆ ಅಸಿಟೋನ್ ಆರುವಾಗ ಪೊರೆಯನ್ನು ಹಿಡಿದಿಡಲು ಪ್ಲಾಸ್ಟಿಕ್ಕಿನ ಬೆಂಬಲವೂ ಇರುವುದಿಲ್ಲ. ದ್ರವವನ್ನೇ ಬಳಸಬೇಕಾದರೆ ಅಸಿಟೋನಿನಿಂದ ಎಥನಾಲಿಗೆ, ಅಲ್ಲಿಂದ ದ್ರವ ಇಂಗಾಲದ ಡೈಆಕ್ಸೈಡಿಗೆ ಬದಲಿಸಿ, ಅದನ್ನು 31 ಡಿಗ್ರಿ ಮತ್ತು ಸುಮಾರು 73 ವಾಯುಭಾರದ ಆಚೆಗೆ ಒಯ್ದು ಅನಿಲವಾಗಿ ಹೊರಬಿಡಬೇಕು. ಆ ಅವಸ್ಥೆಯಲ್ಲಿ ದ್ರವಕ್ಕೂ ಅನಿಲಕ್ಕೂ ನಡುವೆ ಗಡಿಯೇ ಇರುವುದಿಲ್ಲ. ಗಡಿಯಿಲ್ಲದ ಮೇಲೆ ಎಳೆತವೂ ಇಲ್ಲ. ಈ ಯಂತ್ರ ಇಲ್ಲದವರಿಗೆ, ಇದ್ದವರಿಗೂ ಸಹ, ನಾನು ಹೇಳುವುದು ಒಣ ದಾರಿಯನ್ನು: ಆರ್ಗಾನ್ ಮತ್ತು ಹೈಡ್ರೋಜನ್ ಹರಿಯುವ ಕೊಳವೆಯಲ್ಲಿ ಚಿಪ್ಪನ್ನು ಇರಿಸಿ, ನಿಮಿಷಕ್ಕೆ ಎರಡು ಮೂರು ಡಿಗ್ರಿಯಂತೆ 350 ಡಿಗ್ರಿಗೆ ಏರಿಸಿ, ಮೂರು ಗಂಟೆ ಇಟ್ಟು, ಅಷ್ಟೇ ನಿಧಾನವಾಗಿ ಇಳಿಸಿ. ಪಿಎಂಎಂಎ ಒಡೆದು ಆವಿಯಾಗಿ ಹೋಗುತ್ತದೆ, ದ್ರವ ಪೊರೆಯನ್ನು ಮುಟ್ಟುವುದೇ ಇಲ್ಲ. ಪೂರ್ತಿ ಚೊಕ್ಕವಾಗುವುದಿಲ್ಲ, ಅಲ್ಲಲ್ಲಿ ಉಳಿಕೆ ಇರುತ್ತದೆ. ಆದರೂ ಕೊಳೆಯಿರುವ ಇಡೀ ಪೊರೆ ಹರಿದ ಚೊಕ್ಕ ಪೊರೆಗಿಂತ ಮೇಲು.

ಒಂದೇ ಪದರ ಕೈಗೂಡದಿದ್ದರೆ, ತಾಮ್ರದ ಮೇಲಿರುವ ಇನ್ನೊಂದು ಗ್ರ್ಯಾಫೀನಿನ ಮೇಲೆ ತೇಲುವ ಪದರವನ್ನು ಎತ್ತಿಕೊಂಡು, ಒಣಗಿಸಿ, ಮತ್ತೆ ತಾಮ್ರ ಕರಗಿಸಿ ಎರಡು ಪದರ ಮಾಡಿಕೊಳ್ಳಿ. ಒಂದರ ಕುಂದು ಇನ್ನೊಂದರ ಕುಂದಿನ ಮೇಲೆಯೇ ಬೀಳುವುದು ಅಪರೂಪ. ಒತ್ತಡದ ಸಂವೇದಕಕ್ಕೂ ಕಿಟಕಿಗೂ ಎರಡು ಪದರ ಸಾಕಷ್ಟು ಒಳ್ಳೆಯದು.

ನೋಡುವುದು, ಅಳೆಯುವುದು, ಒಯ್ಯುವುದು

ಒಂದು ಪದರದ ಗ್ರ್ಯಾಫೀನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2.3ರಷ್ಟನ್ನು ಹೀರುತ್ತದೆ. ಚಿಪ್ಪಿನ ಹಿಂದಿನಿಂದ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಚ್ಚಿದ ರಂಧ್ರ ತೆರೆದ ರಂಧ್ರಕ್ಕಿಂತ ಒಂದಿಷ್ಟು ಮಂಕಾಗಿ ಕಾಣುವುದು ಇದರಿಂದಲೇ. ಅನಂತರ ರಾಮನ್ ರೋಹಿತ, ಎಂದರೆ ಲೇಸರ್ ಬೆಳಕು ಪೊರೆಯಿಂದ ಚದುರಿ ಬಂದಾಗ ಅದರ ಬಣ್ಣದಲ್ಲಾಗುವ ಬದಲಾವಣೆಯ ನಕ್ಷೆ. ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದ ಬೆಳಕಿನ ಚದುರುವಿಕೆ ಇಂದು ಗ್ರ್ಯಾಫೀನನ್ನು ಗುರುತಿಸುವ ಮೊದಲ ಸಾಧನವಾಗಿರುವುದು ನಮ್ಮ ವಿದ್ಯಾರ್ಥಿಗಳಿಗೆ ಹೇಳಲು ನನಗೆ ಯಾವಾಗಲೂ ಸಂತೋಷ. ಹಸಿರು ಲೇಸರಿನಲ್ಲಿ ಸುಮಾರು 1580 ಸೆಂ.ಮೀ⁻¹ ಬಳಿ ಜಿ ಶಿಖರ, 2680ರ ಬಳಿ 2ಡಿ ಶಿಖರ ಕಾಣುತ್ತದೆ. 2ಡಿ ಶಿಖರ ಒಂಟಿಯಾಗಿ, ಜಿಯ ಎರಡು ಪಟ್ಟಿಗಿಂತ ಎತ್ತರವಾಗಿದ್ದರೆ ಪದರ ಒಂದೇ ಎಂದು ತಿಳಿಯಬಹುದು. 1350ರ ಬಳಿ ಡಿ ಶಿಖರ ಎದ್ದಿದ್ದರೆ ಕುಂದುಗಳಿವೆ. ಲೇಸರಿನ ಶಕ್ತಿ ಒಂದು ಮಿಲಿವ್ಯಾಟ್‌ಗಿಂತ ಕಡಿಮೆಯಿರಲಿ, ತೂಗುವ ಪೊರೆಗೆ ಬಿಸಿಯನ್ನು ಇಳಿಸಿಕೊಳ್ಳಲು ಕೆಳಗೆ ಏನೂ ಇರುವುದಿಲ್ಲ. ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 80 ಕಿಲೋವೋಲ್ಟ್ ದಾಟಬೇಡಿ, ಅದಕ್ಕಿಂತ ಹೆಚ್ಚಾದರೆ ಎಲೆಕ್ಟ್ರಾನುಗಳು ಇಂಗಾಲದ ಪರಮಾಣುಗಳನ್ನೇ ಕಿತ್ತೆಸೆಯತೊಡಗುತ್ತವೆ.

ನಿರ್ವಾತ ಕೋಣೆಗೆ ಚಿಪ್ಪನ್ನು ಸೇರಿಸುವಾಗ ಇನ್ನೊಂದು ಅಪಾಯವಿದೆ. ಕುಂದಿಲ್ಲದ ಗ್ರ್ಯಾಫೀನ್ ಹೀಲಿಯಂ ಅನಿಲವನ್ನೂ ಬಿಡುವುದಿಲ್ಲವೆಂದು ಕಾರ್ನೆಲ್ ವಿಶ್ವವಿದ್ಯಾಲಯದವರು 2008ರಲ್ಲಿ ತೋರಿಸಿದರು. ಚಿಪ್ಪಿನ ಹಿಂಬದಿಯನ್ನು ಅಂಟುಪಟ್ಟಿಯಿಂದ ಪೂರ್ತಿ ಮುಚ್ಚಿ ಅಂಟಿಸಿದರೆ ಗುಳಿಯಲ್ಲಿ ಸಿಕ್ಕ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಪಂಪ್ ಆರಂಭವಾಗುತ್ತಿದ್ದಂತೆ ಒಂದು ವಾಯುಭಾರದ ಒತ್ತಡ ಪೊರೆಯ ಮೇಲೆ ಬೀಳುತ್ತದೆ. ಚಿಪ್ಪನ್ನು ಎರಡು ಅಂಚುಗಳಲ್ಲಿ ಮಾತ್ರ ಹಿಡಿಸಿ, ಗಾಳಿಗೆ ಹಾದಿ ಬಿಟ್ಟು, ಕವಾಟವನ್ನು ನಿಧಾನವಾಗಿ ತೆರೆಯಿರಿ. ಗಾಳಿಯನ್ನು ಮರಳಿ ಬಿಡುವಾಗಲೂ ಅಷ್ಟೇ ನಿಧಾನವಿರಲಿ.

ಮೈಸೂರಿನಿಂದ ಬೆಂಗಳೂರಿಗೆ ಸೂಕ್ಷ್ಮದರ್ಶಕದ ಕೆಲಸಕ್ಕೆ ಹೋಗುವವರು ಚಿಪ್‌ಗಳನ್ನು ಅಂಟು ಜೆಲ್ ಇರುವ ಪೆಟ್ಟಿಗೆಯಲ್ಲಿ, ಪೊರೆ ಮೇಲ್ಮುಖವಾಗಿ, ಜೆಲ್ ರಂಧ್ರದ ಹಿಂಬದಿಯನ್ನು ಪೂರ್ತಿ ಮುಚ್ಚದಂತೆ ಇರಿಸಿ. ರೈಲಿನ ಅಲುಗಾಟದಿಂದ ಪೊರೆ ಹರಿದದ್ದನ್ನು ನಾನು ಕಂಡಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಫಟ್ಟನೆ ತೆಗೆದಾಗ ಹರಿದದ್ದನ್ನು ಎರಡು ಬಾರಿ ಕಂಡಿದ್ದೇನೆ. ಮುಚ್ಚಳದ ಒಂದು ಮೂಲೆಯನ್ನು ಮೊದಲು ಸಡಿಲಿಸಿ, ಗಾಳಿ ಒಳಹೊಕ್ಕ ಮೇಲೆ ಎತ್ತಿ. ಹೊರಡುವ ಮುನ್ನ ಪ್ರತಿ ಚಿಪ್ಪಿನಲ್ಲಿ ಯಾವ ರಂಧ್ರ ಮುಚ್ಚಿದೆ, ಯಾವುದು ತೆರೆದಿದೆ ಎಂಬ ನಕ್ಷೆಯನ್ನು ಸೂಕ್ಷ್ಮದರ್ಶಕದ ಚಿತ್ರದೊಂದಿಗೆ ದಾಖಲೆ ಪುಸ್ತಕದಲ್ಲಿ ಅಂಟಿಸಿಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಹರಿದ ಪೊರೆಯೊಂದು ಕಂಡರೆ ಅದು ಇಲ್ಲಿಯೇ ಹರಿದಿತ್ತೋ ದಾರಿಯಲ್ಲಿ ಹರಿಯಿತೋ ಎಂಬುದನ್ನು ಆ ಚಿತ್ರದಿಂದಲೇ ತಿಳಿಯಬಹುದು.